ಹಳದಿ ಅಣಬೆ ಮತ್ತು ಅಂಗೈಯ ಸಾರು

ಆ ದಿನ ನಾನು ಸಾರಿನ ರುಚಿ ನೋಡಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ನನ್ನ ಸಹಿ ಇತ್ತು. ಸಹಿ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪೆನ್ನು ಹಿಡಿದದ್ದು ನೆನಪಿದೆ, ಅಂಗೈ ಒಡ್ಡಿದ್ದು ನೆನಪಿಲ್ಲ. ಒಮ್ಮೊಮ್ಮೆ ಬಲ ಅಂಗೈಯ ನಡುವೆ ಬಿಸಿ ತಾಗಿದಂತಾಗಿ, ‘ಹೌದು, ನೋಡಿದ್ದೆ, ಹುಣಸೆ ಸ್ವಲ್ಪ ಮುಂದಾಗಿತ್ತು’ ಅನ್ನಿಸುತ್ತದೆ. ಮರುಕ್ಷಣವೇ ಆ ಬಿಸಿ ಬೇರೆ ಯಾವುದೋ ದಿನದ್ದಿರಬಹುದು, ಆ ಹುಣಸೆ ಬೇರೆ ಯಾವುದೋ ಸಾರಿನದಿರಬಹುದು ಅನ್ನಿಸುತ್ತದೆ. ಇಷ್ಟು ವರ್ಷ ಇದೇ ಆಗಿದೆ.

ಈಗ ಬರೆಯಲು ಕೂತದ್ದು ಆ ಸಾರು ಮಾಡಿದಾಕೆ ತೀರಿಕೊಂಡ ಸುದ್ದಿ ಬಂದದ್ದರಿಂದ. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ಹೆಡ್‌ಮೇಷ್ಟ್ರು ಸಿಕ್ಕಿದ್ದರು. ನಿವೃತ್ತರಾದ ಮೇಲೆ ಅವರು ಕನ್ನಡಕ ಬದಲಿಸಿದ್ದಾರೆ, ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕ ಮೇಲೆ ಮೊದಲು ಹೇಳಿದ್ದೇ ಅದು.

“ನಮ್ ಬಿಸಿಯೂಟದ ಅವ್ವ ಹೋಗ್ಬುಟ್ರು ಕಣಯ್ಯ. ಹದಿನೈದು ದಿವ್ಸ ಆಯ್ತು. ನಿಂಗೆ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಬಸ್ಸು ಬಂತು, ಅವರು ಹತ್ತಿದರು. ನಾನು ಹತ್ತಬೇಕಾದ ಬಸ್ಸೂ ಬಂದು ಹೋಯಿತು.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಅಂಟಿದ ಒಂದು ಮಾತು ಅವರ ಊರಿನಲ್ಲಿ ಇನ್ನೂ ಇದೆ. ಅದನ್ನು ಅಂಟಿಸಿದವರಲ್ಲಿ ನಾನೂ ಒಬ್ಬ. ಶಾಲೆಯ ಮಕ್ಕಳೂ ಮೇಷ್ಟ್ರುಗಳೂ ಅವರನ್ನು ಅವ್ವ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವ್ವ ಬಿಸಿಯೂಟ ಮಾಡುತ್ತಿದ್ದರು. ನಾನು ಅಲ್ಲಿ ಅತಿಥಿ ಶಿಕ್ಷಕನಾಗಿ ಎರಡು ವರ್ಷ ವಿಜ್ಞಾನ ಹೇಳಿಕೊಟ್ಟೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಾಯಂ ಕೆಲಸ ಸಿಗದೆ, ಶ್ರೀರಂಗಪಟ್ಟಣದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲ. ಜಗತ್ತಿನಲ್ಲಿ ಯಾರೂ ಯಾವುದನ್ನೂ ಸರಿಯಾಗಿ ಪರೀಕ್ಷಿಸಿ ನೋಡಿಲ್ಲ, ನೋಡುವ ಕೆಲಸ ನನಗಾಗಿ ಕಾದಿದೆ ಎಂದು ನಂಬಿದ್ದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಅವ್ವ ಅಗುಳು ಹಿಸುಕುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಪಾತ್ರೆಯ ಕಡೆಗೆ ಬಗ್ಗಿ, ಮುಚ್ಚಳದ ಹತ್ತಿರ ಕಿವಿ ತರುತ್ತಿದ್ದರು. ಮೊದಲ ಸಲ ನೋಡಿದಾಗ ಕಿವಿ ಸುಟ್ಟುಕೊಳ್ಳುತ್ತಾರೆಂದು ಕೂಗಿಕೊಂಡಿದ್ದೆ.

“ಇನ್ನೂ ಮಾತಾಡ್ತಾ ಅದೆ,” ಅಂದರು. “ಸುಮ್ಕಾಗ್ಲಿ ತಡೀರಿ.”

ನಾನು ನೀರು, ಆವಿ, ಗುಳ್ಳೆ ಒಡೆಯುವ ಸದ್ದು, ನೀರು ಕಡಿಮೆಯಾದಂತೆ ಸದ್ದು ಬದಲಾಗುವ ಕಾರಣ ಎಲ್ಲವನ್ನೂ ವಿವರಿಸಿದೆ. ಅವರು ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದರು.

“ಅದ್ನೇ ಅಲ್ವಾ ನಾನೂ ಅಂದಿದ್ದು?”

ಅದನ್ನೇ ಅಂದದ್ದು ಹೌದು. ಆದರೆ ಆಗ ನನಗೆ ಅದು ಒಪ್ಪಿಗೆಯಾಗಲಿಲ್ಲ. ಸರಿಯಾದ ಮಾತನ್ನು ಸರಿಯಾದ ಕಾರಣ ಕೊಟ್ಟು ಹೇಳದಿದ್ದರೆ ಅದು ತಪ್ಪಿಗೆ ಸಮ ಎಂದು ತಿಳಿದಿದ್ದೆ. ಈ ಒಂದು ತಿಳಿವಳಿಕೆ ಮುಂದೆ ಏನು ಮಾಡಿತು ಎಂಬುದೇ ಇಲ್ಲಿ ಹೇಳಬೇಕಾದದ್ದು.

ನಗುವಾಗ ಅವ್ವ ಸೌಟು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಅವರ ಸೀರೆಯ ಭುಜದ ಮೇಲೆ ಯಾವಾಗಲೂ ಒಂದು ಸಾರಿನ ಕಲೆ ಇರುತ್ತಿತ್ತು. ಬಡಿಸುವ ಮೊದಲು ಕಾಂಪೌಂಡಿನ ಮೇಲೆ ಕಾಗೆಗೆ ಒಂದು ಹಿಡಿ ಅನ್ನ ಇಡುತ್ತಿದ್ದರು. ಹೆಡ್‌ಮೇಷ್ಟ್ರು ಹಾಜರಿ ನೋಡಿ ಅಕ್ಕಿ ಅಳೆದು ಕೊಟ್ಟರೆ, “ಕಾಗೆ ಹಾಜರಿ ಯಾರ್ ಬರ್ಕೊಂಡವ್ರೆ?” ಎಂದು ಇನ್ನೊಂದು ಬೊಗಸೆ ಎತ್ತಿಕೊಳ್ಳುತ್ತಿದ್ದರು. ಊರಿನಲ್ಲಿ ಯಾರ ಮನೆಯ ಬೀಗರೂಟವಾದರೂ ಒಲೆಯ ಮುಂದೆ ಅವರೇ ಇರಬೇಕು. ಹತ್ತು ಜನ ಹೆಂಗಸರು ಅರೆದು, ಹೆಚ್ಚಿ, ಹುರಿದು ಎಲ್ಲ ಮಾಡಿದ ಮೇಲೆ, ಕೊನೆಗೆ ಅವ್ವ ಒಂದು ಸಲ ಕೈಯಾಡಿಸದಿದ್ದರೆ ಸಾರು ಒಂದಾಗುವುದಿಲ್ಲ ಎಂಬುದು ಆ ಊರಿನ ನಂಬಿಕೆ. ಅವರಿಗೆ ಹೊಲ ಇತ್ತು, ಎರಡು ಹಸು ಇದ್ದವು, ಮಗನೊಬ್ಬ ಡೈರಿಯಲ್ಲಿದ್ದ. ಹೊಟ್ಟೆಪಾಡಿಗೆ ಶಾಲೆಯ ಕೆಲಸವೇ ಆಗಬೇಕೆಂದೇನೂ ಇರಲಿಲ್ಲ. ಜನ ತಮ್ಮ ಕೈಯಿಂದ ಉಣ್ಣುತ್ತಾರೆ ಎಂಬುದೇ ಅವರ ಬದುಕಾಗಿತ್ತು.

ಅವ್ವನ ತವರು ಕೆ.ಆರ್. ಪೇಟೆ ಕಡೆ, ಗೋವಿಂದನಹಳ್ಳಿಯಿಂದ ಆಚೆಗೆ. ಮುಂಗಾರಿನ ಮೊದಲ ಗುಡುಗು ಬಡಿದ ಮಾರನೆಯ ದಿನ ತವರಿನ ಕಡೆಗೆ ಹೋಗಿ, ಹುತ್ತದ ಸುತ್ತ ಎದ್ದ ಬಿಳಿ ಅಣಬೆಯನ್ನು ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದರು. ಮಕ್ಕಳ ಊಟಕ್ಕಲ್ಲ. ಸಂಜೆ ಮೇಷ್ಟ್ರುಗಳಿಗೆಂದು ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಿದ್ದರು. ಎಲ್ಲರೂ ಬೆವರು ಒರೆಸಿಕೊಂಡು ಮುದ್ದೆ ನುಂಗುವಾಗ ನಾನು ಬರಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ. ನಮ್ಮದು ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಹಿಂದಿನ ಬೀದಿ, ಅಪ್ಪ ಗುಡಿಯ ಕೆಲಸದಲ್ಲಿದ್ದವರು. ಅಡುಗೆಮನೆಗೆ ಈರುಳ್ಳಿಯೇ ಹಬ್ಬ ಹುಣ್ಣಿಮೆ ನೋಡಿಕೊಂಡು ಬರುತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಹಟಕ್ಕೆ ಬಿದ್ದು ಮೊಟ್ಟೆ ತಿಂದು ಬಂದಿದ್ದೆ. ಅಲ್ಲಿಗೆ ನನ್ನ ಕ್ರಾಂತಿ ಮುಗಿದಿತ್ತು.

“ಏನ್ ಮೇಷ್ಟ್ರೆ, ಮೊಟ್ಟೆ ತಿಂತೀರಂತೆ, ಅಣಬೆಗೆ ಎದ್ರುತೀರಾ?”

“ಹೆದರಿಕೆ ಅಲ್ಲವ್ವ, ನನಗೆ ರುಚಿಸಲ್ಲ.”

“ತಿನ್ದೇಲೆ ರುಚಿಸಾಕಿಲ್ಲ ಅಂತ ಎಂಗ್ ಗೊತ್ತಾಯ್ತು? ಇದೇನಾ ನೀವು ಮೈಸೂರಲ್ಲಿ ಓದ್ಕಂಡ್ ಬಂದಿದ್ದು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ತಿನ್ನಲಿಲ್ಲ.

ಅಣಬೆಯ ವಿಷಯದಲ್ಲಿ ಅವ್ವನದೊಂದು ಕಟ್ಟಳೆ ಇತ್ತು: “ತಿಪ್ಪೆದು ಮುಟ್ಬಾರ್ದು, ಮರದ್ದು ಮುಟ್ಬಾರ್ದು, ಬಣ್ಣದ್ದಂತೂ ನೋಡ್ಲೂಬಾರ್ದು.” ಈ ಮಾತನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಆದರೆ ಮೊದಲು ಹೇಳಿದ ಆ ಸಾರಿನ ದಿನಕ್ಕೆ ಮುಂಚೆ ಕೇಳಿದ್ದೋ ಆಮೇಲೆ ಕೇಳಿದ್ದೋ, ಅದು ಖಚಿತವಿಲ್ಲ. ಮುಂಚೆಯೇ ಕೇಳಿದ್ದರೆ, ಹೇಳಬೇಕಾದ ಕಡೆ ಇದನ್ನು ನಾನು ಹೇಳಲಿಲ್ಲ ಎಂದಾಯಿತು.

ಅವರಿಗೂ ನನಗೂ ದೊಡ್ಡ ಜಗಳ ನಡೆದದ್ದು ಬೆರಳಿನ ಬಗ್ಗೆ. ಎಳೆಯ ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮಮ್ಮ ಕೂಡ ತೋರಿಸಬೇಕಾದರೆ ಬೆರಳು ಮಡಿಸಿ ತೋರಿಸುತ್ತಾರೆ. ಅಡುಗೆ ಕೋಣೆಯ ಹಿಂದೆ ಅವ್ವ ಬೆಳೆಸಿದ ಕುಂಬಳದ ಬಳ್ಳಿ ಇತ್ತು. ನಾನು ಏಳನೇ ತರಗತಿಯವರನ್ನು ಅಲ್ಲಿ ನಿಲ್ಲಿಸಿ, ನಾಲ್ಕು ಹೀಚುಗಳಲ್ಲಿ ಎರಡಕ್ಕೆ ದಿನವೂ ಬೆರಳು ತೋರಿಸಿದೆ, ಎರಡನ್ನು ಬಿಟ್ಟೆ. ತೋರಿಸಿದ್ದರಲ್ಲಿ ಒಂದು ಕೊಳೆಯಿತು, ಒಂದು ಬೆಳೆಯಿತು. ಬಿಟ್ಟದ್ದರಲ್ಲೂ ಒಂದು ಕೊಳೆಯಿತು, ಒಂದು ಬೆಳೆಯಿತು.

“ನೋಡಿದ್ರಾ ಅವ್ವ?”

“ಅದುಕ್ ನೀವು ಮನಸಿಟ್ ತೋರ್ಸಿಲ್ಲ ಬುಡಿ,” ಅಂದರು. ಆ ಬೆಳೆದ ಕುಂಬಳವನ್ನು ಹೆಚ್ಚಿ ಹುಳಿ ಮಾಡಿ ನನಗೇ ಮೊದಲು ಬಡಿಸಿದರು.

ಕುಂಡಗಳನ್ನು ಶಾಲೆಗೆ ತಂದವನೂ ನಾನೇ. ಪರಿಸರ ದಿನಕ್ಕೆಂದು ಹನ್ನೆರಡು ಮಣ್ಣಿನ ಕುಂಡ ತರಿಸಿ, ತುಳಸಿ, ಕ್ರೋಟನ್, ಚೆಂಡುಹೂವು ನೆಡಿಸಿದೆ. ತೇವ ಆರಬಾರದೆಂದು ಊರಾಚೆಯ ಆಲೆಮನೆಯಿಂದ ಒಂದು ಮೂಟೆ ಹಳೆಯ ಕಬ್ಬಿನ ಸಿಪ್ಪೆ, ತರಗು ತಂದು ಮಣ್ಣಿನ ಮೇಲೆ ಹರಡಿದೆ. ನಲ್ಲಿ ಅಡುಗೆ ಕೋಣೆಯ ಪಕ್ಕದಲ್ಲಿದ್ದುದರಿಂದ ಕುಂಡಗಳನ್ನೂ ಅಲ್ಲೇ ಸಾಲಾಗಿ ಇಟ್ಟೆವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಆಡಿದ ಮಾತುಗಳಲ್ಲಿ ಸತ್ಯದ ಮೇಲಿನ ಪ್ರೀತಿ ಎಷ್ಟು, ನನ್ನ ಕುಂಡಗಳ ಬಗೆಗಿನ ಭಯ ಎಷ್ಟು ಎಂದು ಇವತ್ತಿಗೂ ಬೇರ್ಪಡಿಸಲು ನನಗೆ ಆಗಿಲ್ಲ.

ಮೂರು ದಿನ ಜಡಿ ಹಿಡಿದು ನಾಲ್ಕನೆಯ ದಿನ ಬಿಸಿಲು ಬಿತ್ತು. ಪ್ರಾರ್ಥನೆಗೆ ಮುಂಚೆ ನೀರು ಹಾಕಲು ಹೋದಾಗ ತುಳಸಿಯ ಕುಂಡದಲ್ಲಿ ಅವು ಎದ್ದಿದ್ದವು. ಏಳೆಂಟು ಇರಬೇಕು. ನಿಂಬೆಹಣ್ಣಿನ ಹಳದಿ. ಕೆಲವು ಮುಚ್ಚಿದ ಕೊಡೆಯ ಹಾಗೆ, ಕೆಲವು ಅರ್ಧ ಬಿಚ್ಚಿದ ಹಾಗೆ. ಮೇಲೆಲ್ಲ ಅರಿಶಿನ ಉದುರಿಸಿದಂತೆ ಪುಡಿ. ಅಂಥ ಬಣ್ಣದ ಅಣಬೆಯನ್ನು ನಾನು ಕಂಡಿರಲೇ ಇಲ್ಲ.

“ಅವ್ವ, ಇಲ್ಲಿ ನೋಡಿ!” ಎಂದು ಬೆರಳು ಚಾಚಿದೆ.

ಅವ್ವ ಬಂದು ನನ್ನ ಕೈ ಮೇಲೆ ಪಟ್ಟೆಂದು ಹೊಡೆದರು. “ಬೆರಳು ತೋರಿಸ್ಬ್ಯಾಡಿ, ಬಾಡೋಯ್ತದೆ. ತುಳಸಮ್ಮನ ಬುಡದಲ್ಲಿ ಅರಿಸ್ನ ಎದ್ದದೆ.” ಆಮೇಲೆ ಸೌಟಿನ ಕೈಯಿಂದ ಬಾಯಿ ಮುಚ್ಚಿಕೊಂಡು, “ಇವತ್ತು ಸೋರೆಕಾಯಿ ಸಾಲಾಕಿಲ್ಲ ಮೇಷ್ಟ್ರೆ. ನಿಮ್ ಅಣಬೇನೂ ಎಚ್ಚಾಕ್ಬುಡ್ಲಾ ಸಾರ್ಗೆ? ಆಗ್ಲಾದ್ರೂ ತಿಂತೀರಾ?” ಅಂದರು. ನಗುತ್ತಲೇ ಒಳಗೆ ಹೋದರು.

ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮುಂಚೆ ಒಬ್ಬ ಮೇಷ್ಟ್ರು ಸಾರಿನ ರುಚಿ ನೋಡಿ ರಿಜಿಸ್ಟರಿಗೆ ಸಹಿ ಹಾಕಬೇಕು. ಆ ದಿನ ನನ್ನ ಸರದಿ. ಅವ್ವ ಸೌಟಿನಿಂದ ನಮ್ಮ ಅಂಗೈಗೇ ಸಾರು ಬಿಡುತ್ತಿದ್ದರು, ನಾವು ನೆಕ್ಕಿ ತಲೆಯಾಡಿಸುತ್ತಿದ್ದೆವು. ಕೆಲಸ ಹೆಚ್ಚಿದ್ದ ದಿನ ನೋಡದೆಯೇ ಸಹಿ ಹಾಕಿದ್ದೂ ಉಂಟು. ಆ ದಿನ ಎರಡರಲ್ಲಿ ಯಾವುದು? ಮೊದಲೇ ಹೇಳಿದೆನಲ್ಲ, ಗೊತ್ತಿಲ್ಲ.

ಊಟವಾಗಿ ಒಂದು ಗಂಟೆಯೊಳಗೆ ಹನ್ನೊಂದು ಮಕ್ಕಳು ವಾಂತಿ ಮಾಡಿಕೊಂಡರು. ಯಾರದೋ ಗೂಡ್ಸ್ ಆಟೋದಲ್ಲಿ, ಯಾರದೋ ಕಾರಿನಲ್ಲಿ ತಾಲ್ಲೂಕಿನ ಆಸ್ಪತ್ರೆಗೆ ಸಾಗಿಸಿದೆವು. ಕೂಡಲೇ ಹೇಳಿಬಿಡುತ್ತೇನೆ, ಯಾವ ಮಗುವಿನ ಜೀವಕ್ಕೂ ಅಪಾಯವಾಗಲಿಲ್ಲ, ಮಾರನೆಯ ದಿನ ಎಲ್ಲರೂ ಮನೆಗೆ ಬಂದರು. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಆಟೋದಲ್ಲಿ ಒಂದು ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ವಾಂತಿಯನ್ನು ಸೆರಗಿನಲ್ಲೇ ಹಿಡಿದುಕೊಂಡು ಕೂತಿದ್ದರು.

ಅದೇ ಮಧ್ಯಾಹ್ನ ಶಾಲೆಯ ಬೀಗ ಹಾಕಲು ಹಿಂದಿರುಗಿದಾಗ ತುಳಸಿ ಕುಂಡದ ಕಡೆ ನನ್ನ ಕಣ್ಣು ಹೋಯಿತು. ಅಣಬೆ ಒಂದೂ ಇರಲಿಲ್ಲ. ತರಗು ಮಾತ್ರ ಇತ್ತು.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಹೆಡ್‌ಮೇಷ್ಟ್ರ ಕೋಣೆ ಊರಿನವರಿಂದ ತುಂಬಿತ್ತು. ಟ್ಯಾಂಕಿನ ನೀರು ಎಂದವರಿದ್ದರು, ಹಿಂದಿನ ದಿನದ ಬೀಗರೂಟ ಎಂದವರಿದ್ದರು, ಬೇಳೆ ಹಳೆಯದು ಎಂದವರಿದ್ದರು. ನನ್ನನ್ನು ಕೇಳಿದಾಗ ನಾನು ಮೂರು ಸಂಗತಿ ಹೇಳಿದೆ. ಬೆಳಿಗ್ಗೆ ಕುಂಡದಲ್ಲಿ ಹಳದಿ ಅಣಬೆ ಇತ್ತು. ತರಕಾರಿ ಸಾಲದು, ಅಣಬೆಯನ್ನೂ ಹೆಚ್ಚಿಹಾಕಲೇ ಎಂದು ಅವ್ವ ಅಂದರು. ಮಧ್ಯಾಹ್ನ ನೋಡಿದಾಗ ಅಣಬೆ ಇರಲಿಲ್ಲ.

ಮೂರೂ ನಿಜ. ಒಂದಕ್ಷರ ಸೇರಿಸಲಿಲ್ಲ. ಅವ್ವನ ಮಾತನ್ನು ಹೇಳಿದೆ, ನಗುವನ್ನು ಹೇಳಲಿಲ್ಲ.

ಅಧಿಕಾರಿ ಅವ್ವನ ಕಡೆ ತಿರುಗಿದರು.

“ಏನಮ್ಮ, ಅಣಬೆ ಹಾಕಿದ್ಯಾ?”

“ಇಲ್ಲ ಸ್ವಾಮಿ. ಮಕ್ಳು ಉಣ್ಣೋ ಸಾರ್ಗೆ ಅದ್ನಾಕ್ತೀನಾ? ಅದು ತಮಾಸೆಗಂದಿದ್ದು.”

“ಮತ್ತೆ ಅಣಬೆ ಎಲ್ಲೋಯ್ತು?”

“ಬಾಡೋಯ್ತು.”

“ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಅದು ಹೆಂಗಮ್ಮ ಬಾಡೋಗುತ್ತೆ?”

“ಮೇಷ್ಟ್ರು ಬೆರಳು ತೋರ್ಸುದ್ರಲ್ಲ ಸ್ವಾಮಿ. ಬ್ಯಾಡಿ ಅಂದೆ, ಕೇಳ್ಲಿಲ್ಲ.”

ಕೋಣೆ ನಕ್ಕಿತು. ನಾನು ನಗಲಿಲ್ಲ ಎಂದುಕೊಂಡಿದ್ದೇನೆ. ನಾನೂ ನಕ್ಕೆ ಎಂದು ಹೆಡ್‌ಮೇಷ್ಟ್ರು ಒಮ್ಮೆ ಹೇಳಿದ್ದರು.

ಆಮೇಲೆ ಅವ್ವ ರಿಜಿಸ್ಟರನ್ನು ತಾವೇ ಎತ್ತಿ ತಂದು ಮೇಜಿನ ಮೇಲಿಟ್ಟರು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ನನ್ನ ಸಹಿ ಎಲ್ಲಿದೆ ಎಂದು ಗೊತ್ತಿತ್ತು.

“ಮೇಷ್ಟ್ರು ಉಂಡವ್ರೆ. ಅಂಗೈಗ್ ಬುಟ್ಟೆ. ಉಪ್ಪು ಸರ್ಯಾಗದೆ ಅಂದ್ರು. ಅವ್ರಿಗೇನೂ ಆಗಿಲ್ವಲ್ಲ ಸ್ವಾಮಿ? ಮಕ್ಳು ಉಂಡಿದ್ದೂ ಅದೇ ಸಾರಲ್ವಾ? ಯೇಳಿ ಮೇಷ್ಟ್ರೆ.”

ಎಲ್ಲರೂ ನನ್ನ ಕಡೆ ನೋಡಿದರು. ‘ಹೌದು, ನೋಡಿದ್ದೆ’ ಎಂಬ ಎರಡು ಮಾತು ಸಾಕಾಗಿತ್ತು. ನಾನು ನೆನಪಿನಲ್ಲಿ ಹುಡುಕಿದೆ. ಸಿಗಲಿಲ್ಲ.

“ಸಹಿ ನನ್ನದೇ. ಆದರೆ ಆ ದಿನ ರುಚಿ ನೋಡಿದ್ದು ನೆನಪಿಲ್ಲ,” ಎಂದೆ.

ನೆನಪಿಲ್ಲದ್ದನ್ನು ಇದೆ ಎನ್ನುವುದು ಸುಳ್ಳು. ಸುಳ್ಳು ಹೇಳದೆ ಉಳಿದೆ ಎಂದು ಆ ಸಂಜೆ ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಸಾಕ್ಷಿ ಹೇಗಿರಬೇಕೋ ಹಾಗಿದ್ದೆ ಎಂಬ ಹೆಮ್ಮೆಯೂ ಇತ್ತು.

ಪರೀಕ್ಷೆಗೆ ಕಳಿಸಿದ ಸಾರಿನ ವರದಿ ಬರುವವರೆಗೆ ಮನೆಯಲ್ಲಿರಿ ಎಂದು ಅವ್ವನಿಗೆ ಹೇಳಿದರು. ನಾನು ಆ ಶಾಲೆಯಲ್ಲಿ ಇರುವವರೆಗೂ ವರದಿ ಬರಲಿಲ್ಲ. ಬೇರೆ ಅಡುಗೆಯವರು ಬಂದರು. ಕುಂಡಗಳನ್ನು ಊರಿನವರು ಒಡೆದು ಹಾಕಿದರು. ನನ್ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದವನಲ್ಲವೇ?

ಅವ್ವನನ್ನು ಬೀಗರೂಟಕ್ಕೆ ಕರೆಯುವುದು ನಿಂತಿತು. ತಮ್ಮ ಮನೆಯ ಪಕ್ಕದಲ್ಲೇ ನಡೆದ ಮದುವೆಯ ಊಟಕ್ಕೆ, ಕರೆಯದಿದ್ದರೂ ಹೋಗಿ ಒಲೆಯ ಮುಂದೆ ನಿಂತರಂತೆ. ಸೌಟಿಗೆ ಕೈ ಹಾಕಿದಾಗ ಅವರ ಓರಗಿತ್ತಿಯೇ, “ಬುಡಕ್ಕ, ನೀನು ಎಲೆ ಒರ್ಸು ಓಗು” ಎಂದು ಸೌಟು ಕಿತ್ತುಕೊಂಡಳಂತೆ. ಎಲೆ ಒರೆಸಿಕೊಟ್ಟು, ಉಣ್ಣದೆ ಬಂದರಂತೆ. ಹೆಡ್‌ಮೇಷ್ಟ್ರು ಇದನ್ನು ಹೇಳುವಾಗ ಕಿಟಕಿಯ ಆಚೆ ನೋಡುತ್ತಿದ್ದರು.

ಅಲ್ಲಿಂದ ಅವ್ವ ನನ್ನ ಬೆನ್ನು ಹತ್ತಿದರು. ಬೈಯಲು ಬರುತ್ತಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಬಸ್ಸು ನಿಲ್ಲುವ ಅರಳಿಕಟ್ಟೆಯ ಹತ್ತಿರ ನಿಂತಿರುತ್ತಿದ್ದರು. ಒಂದೇ ಪ್ರಶ್ನೆ.

“ನೆಪ್ಪಾಯ್ತಾ ಮೇಷ್ಟ್ರೆ?”

ನೆನಪಾಯಿತೇ ಎಂದು. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಅವರು ಗುರುತು ಹೇಳುತ್ತಿದ್ದರು: “ನೀವು ನೀಲಿ ಅಂಗಿ ಆಕಿದ್ರಿ. ಎಡ್ಗೈಲಿ ಸೀಮೆಸುಣ್ಣ ಇತ್ತು. ನಾನು ಬಲ್ಗೈ ಒಡ್ಡಿ ಅಂದೆ. ಬಿಸಿ ಅದೆ ಊದ್ಕಳಿ ಅಂದೆ. ನೆಪ್ಪಾಯ್ತಾ?” ಅವರು ಹೇಳಿದಷ್ಟೂ ನನಗೆ ದೃಶ್ಯ ಕಾಣುತ್ತಿತ್ತು. ಕಂಡದ್ದು ನನ್ನ ನೆನಪೋ ಅವರು ಹೇಳಿದ್ದರ ಚಿತ್ರವೋ ಎಂದು ಅನುಮಾನ ಬರುತ್ತಿತ್ತು. ಅನುಮಾನ ಬಂದ ಮೇಲೆ ಹೌದು ಎನ್ನುವುದು ಹೇಗೆ? ಒಂದು ದಿನ, “ಅವ್ವ, ನೀವು ಹೇಳಿಕೊಡ್ತಾ ಇದ್ರೆ ಅದು ನನ್ನ ನೆನಪಾಗಲ್ಲ” ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. “ನನ್ ನೆಪ್ಪಿಗೆ ಬೆಲೆ ಇಲ್ವಾ ಅಂಗಾದ್ರೆ?” ಎಂದು ಕೇಳಿದರು. ಬಸ್ಸು ಬಂದಿತ್ತು, ಹತ್ತಿಬಿಟ್ಟೆ.

ಮುಂದಿನ ವರ್ಷದ ಮುಂಗಾರಿಗೆ, ಒಂದು ಭಾನುವಾರ, ಅವ್ವ ಶ್ರೀರಂಗಪಟ್ಟಣಕ್ಕೇ ಬಂದರು. ಬಾಗಿಲು ತೆಗೆದರೆ ಜಗಲಿಯ ಮೇಲೆ ಕೂತಿದ್ದಾರೆ. ಅಷ್ಟರಲ್ಲಿ ಎಷ್ಟು ಇಳಿದುಹೋಗಿದ್ದರು! ಸೀರೆಯ ಭುಜದ ಮೇಲೆ ಕಲೆ ಇರಲಿಲ್ಲ. ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಅಣಬೆ ಸಾರು. ಹುತ್ತದ ಬಿಳಿ ಅಣಬೆ. ನಮ್ಮ ಬೀದಿಯಲ್ಲಿ ಆ ವಾಸನೆ ಅದೇ ಮೊದಲಿರಬೇಕು.

“ನನ್ ಕೈದು ತಿನ್ನಿ ಮೇಷ್ಟ್ರೆ. ನೀವು ತಿಂದ್ರಿ ಅಂದ್ರೆ ಊರು ನಂಬ್ತದೆ. ಅವತ್ತಿಂದು ನೆಪ್ಪಾಗ್ದಿದ್ರೆ ಬ್ಯಾಡ, ಇವತ್ತಿಂದು ನೆಪ್ಪಿರ್ತದಲ್ಲ?”

ಒಳಗೆ ಅಮ್ಮ ನಿಂತದ್ದು ನನಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. “ಆಮೇಲೆ ತಿಂತೀನಿ, ಇಟ್ಟು ಹೋಗಿ,” ಎಂದೆ.

“ಆಯ್ತು. ಡಬ್ಬಿ ಬುಟ್ಟೋಯ್ತೀನಿ. ಖಾಲಿ ಡಬ್ಬಿ ಊರ್ಗೆ ತಂದ್ಕೊಡಿ. ಅರಳಿಕಟ್ಟೆ ತಾವ ನಾಲ್ಕು ಜನ್ರ ಮುಂದೆ ನನ್ ಕೈಗೇ ಕೊಡಿ. ‘ಸಾರು ಚೆನ್ನಾಗಿತ್ತು ಕಣವ್ವ’ ಅನ್ನಿ. ಅಷ್ಟೇಯ, ಇನ್ನೇನೂ ಕೇಳಾಕಿಲ್ಲ.” ನನ್ನ ಎರಡೂ ಕೈ ಹಿಡಿದುಕೊಂಡರು. ಹಾಗೆ ಯಾರೂ, ಮೊದಲೂ ಆಮೇಲೂ, ನನ್ನನ್ನು ಬೇಡಿಲ್ಲ.

ಇಲ್ಲಿಯೂ ನನ್ನ ನೆನಪು ಎರಡು ಹೇಳುತ್ತದೆ. ಒಂದರಲ್ಲಿ ನಾನು ಹಿತ್ತಿಲಿನಲ್ಲಿ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದೇನೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದಿದೆ. ಇದನ್ನು ನಾನು ತುಂಬ ದಿನ ನಂಬಿದ್ದೆ. ಹೋದ ವರ್ಷ ಅಮ್ಮನನ್ನು ಕೇಳಿದೆ.

“ನೀನೆಲ್ಲೋ ತಿಂದೆ? ಸಂಜೆವರೆಗೂ ಡಬ್ಬಿ ಜಗಲಿ ಮೇಲೇ ಇತ್ತು. ನಾನೇ ತೆಂಗಿನ ಬುಡಕ್ಕೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟೆ. ಬರಿ ಡಬ್ಬಿ ಕೊಡಬಾರದು ಅಂತ ಒಂದು ಅಚ್ಚು ಬೆಲ್ಲ ಹಾಕ್ಕೊಟ್ಟೆ, ಮರೆತ್ಯಾ?”

ಬೆಲ್ಲ ನೆನಪಿತ್ತು. ಆ ಡಬ್ಬಿಯನ್ನು ಅರಳಿಕಟ್ಟೆಗೆ ಒಯ್ಯಲಿಲ್ಲ ಎಂಬುದೂ ನೆನಪಿತ್ತು. ಹೆಡ್‌ಮೇಷ್ಟ್ರ ಮೇಜಿನ ಮೇಲಿಟ್ಟು, “ಅವ್ವನಿಗೆ ತಲುಪಿಸಿಬಿಡಿ ಸಾರ್” ಎಂದು ಬಂದಿದ್ದೆ. ತಿನ್ನದೆ, ತಿಂದೆ ಎನ್ನುವುದು ಸುಳ್ಳಾಗುತ್ತದಲ್ಲ? ಅಷ್ಟು ಶುದ್ಧವಾಗಿದ್ದೆ ನಾನು.

ಕೊನೆಯ ಸಲ ಅವ್ವನನ್ನು ಕಂಡದ್ದು ಕೆ.ಆರ್.ಎಸ್.ನಲ್ಲಿ. ಬಸ್ಸು ಬದಲಿಸಲು ಇಳಿದವನು ಒಂದು ಸಣ್ಣ ಹೋಟೆಲಿಗೆ ಹೋದೆ. ಹಿಂದುಗಡೆ ತೊಟ್ಟಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಮಗ ಬೇಡವೆಂದರೂ, ಊರಿನಲ್ಲಿ ಕೂರಲಾಗದೆ ಅಲ್ಲಿಗೆ ಬರುತ್ತಿದ್ದರಂತೆ. ಅಲ್ಲಿಯೂ ಒಲೆಯ ಹತ್ತಿರ ಬಿಟ್ಟಿರಲಿಲ್ಲವೋ, ಅವರೇ ಹೋಗುತ್ತಿರಲಿಲ್ಲವೋ, ಗೊತ್ತಾಗಲಿಲ್ಲ. ನಾನು ನೋಡುತ್ತಿದ್ದಂತೆ ಅವರು ತಟ್ಟೆ ಬಿಟ್ಟು ತಲೆ ಓರೆ ಮಾಡಿ, ಒಳಗೆ ಕುದಿಯುತ್ತಿದ್ದ ಅನ್ನದ ಕಡೆ ಕಿವಿಗೊಟ್ಟರು. “ಇಳ್ಸಪ್ಪ, ಸುಮ್ಕಾಯ್ತು,” ಎಂದು ಒಳಗಿದ್ದ ಅಡುಗೆಯವನಿಗೆ ಕೂಗಿ ಹೇಳಿದರು. ಅವನು ತಿರುಗಿಯೂ ನೋಡಲಿಲ್ಲ.

ನನ್ನನ್ನು ಕಂಡು ಕೈ ಒರೆಸಿಕೊಂಡರು. ಈ ಸಲವೂ ಅದೇ ಪ್ರಶ್ನೆ ಬರುತ್ತದೆಂದು ಕಾದೆ. ಹೌದು ಎಂದುಬಿಡೋಣ, ಸುಳ್ಳಾದರೆ ಆಗಲಿ ಎಂದು ಆ ಕ್ಷಣ ತೀರ್ಮಾನಿಸಿದ್ದೆ ಅನ್ನಿಸುತ್ತದೆ. ಅವರು ಕೇಳಲಿಲ್ಲ.

“ಬೆಲ್ಲ ಚೆನ್ನಾಗಿತ್ತು ಮೇಷ್ಟ್ರೆ. ಅಮ್ಮಾವ್ರಿಗೆ ಯೇಳಿ,” ಅಂದರು.

ಅಷ್ಟೇ. ಮತ್ತೆ ತಟ್ಟೆಗಳ ಕಡೆ ತಿರುಗಿದರು.

ಈಗ ನಾನು ನಾಗಮಂಗಲದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಬಾಡಿಗೆ ಮನೆಯ ತಾರಸಿಯ ಮೇಲೆ ನನ್ನ ಹೆಂಡತಿ ಹೂವಿನ ಕುಂಡಗಳನ್ನಿಟ್ಟಿದ್ದಾಳೆ, ಮಣ್ಣಿನ ಮೇಲೆ ತೆಂಗಿನ ನಾರಿನ ಪುಡಿ ಹಾಕಿದ್ದಾಳೆ. ಎಲ್ಲವನ್ನೂ ಅನುಮಾನಿಸುತ್ತ ಬಂದ ನಾನು, ‘ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇಲ್ಲವೆಂದರೆ ಯಾರೋ ಕಿತ್ತಿರಬೇಕು’ ಎಂಬ ಒಂದನ್ನು ಮಾತ್ರ ಇಷ್ಟು ವರ್ಷ ಅನುಮಾನಿಸಿರಲಿಲ್ಲ. ಪುಸ್ತಕ ತೆರೆಯಬಹುದಿತ್ತು, ಯಾರನ್ನಾದರೂ ಕೇಳಬಹುದಿತ್ತು. ತೆರೆಯಲಿಲ್ಲ, ಕೇಳಲಿಲ್ಲ. ಗೊತ್ತಾಗುವುದು ನನಗೆ ಬೇಕಿರಲಿಲ್ಲವೋ ಏನೋ.

ಹೆಡ್‌ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮುಂದಿನ ವಾರ, ಮೂರು ದಿನದ ಮಳೆ ನಿಂತ ಬೆಳಿಗ್ಗೆ, ತಾರಸಿಯ ಎರಡು ಕುಂಡಗಳಲ್ಲಿ ಅವು ಎದ್ದಿದ್ದವು. ಅದೇ ನಿಂಬೆ ಹಳದಿ, ಅದೇ ಅರಿಶಿನದ ಪುಡಿ. ಕಾಲೇಜಿಗೆ ರಜೆ ಹಾಕಿದೆ. ಹೆಂಡತಿಗೆ ಮೇಲೆ ಬರಬೇಡ ಎಂದೆ. ತಾರಸಿಯ ಬಾಗಿಲಿಗೆ ಚಿಲಕ ಹಾಕಿ, ಕುರ್ಚಿ ಹಾಕಿಕೊಂಡು ಕೂತೆ. ಎಡಗಡೆಯ ಕುಂಡಕ್ಕೆ ಬೆರಳು ತೋರಿಸಿದೆ, ಮನಸಿಟ್ಟು ತೋರಿಸಿದೆ. ಬಲಗಡೆಯದಕ್ಕೆ ತೋರಿಸಲಿಲ್ಲ. ಎರಡನ್ನೂ ಮುಟ್ಟಲಿಲ್ಲ. ಬಿಸಿಲು ಏರಿತು. ಹತ್ತು ಗಂಟೆಗೆ ಕೊಡೆಗಳು ಪೂರ್ತಿ ಬಿಚ್ಚಿದವು, ಅಂಚು ಸುರುಟಿತು, ಕಾಲುಗಳು ಬಳುಕಿದವು. ಬೆರಳು ತೋರಿಸದ ಕುಂಡದ್ದು ಮೊದಲು ಬಿದ್ದಿತು, ತೋರಿಸಿದ್ದು ಅದರ ಹಿಂದೆಯೇ. ಹನ್ನೆರಡಕ್ಕೆ ನಾನು ಎದ್ದು ಬಗ್ಗಿ ನೋಡಿದಾಗ ಎರಡು ಕುಂಡಗಳಲ್ಲೂ ನಾರಿನ ಪುಡಿಯ ಮೇಲೆ ನಾಲ್ಕಾರು ಕಂದು ಎಳೆಗಳಿದ್ದವು. ಎಳೆ ಯಾವುದು, ನಾರು ಯಾವುದು ಎಂದು ಹೇಳುವಂತಿರಲಿಲ್ಲ. ಯಾರೂ ಕಿತ್ತಿರಲಿಲ್ಲ.